ಹೈಡ್ರೋಜೆಲ್ ಎಕ್ಸ್‌ಟ್ರಾಕ್ಟ್ ಹಾಕಿದರೆ ಸೆಲ್‌ಗಳು ಸಾಯುತ್ತಿವೆ: ತೊಂದರೆ ಜೆಲ್‌ನಲ್ಲೋ, ಟೆಸ್ಟ್‌ನಲ್ಲೋ?

ಜೆಲ್‌ಮಿತ್ರ:
ಎಲ್ಲರಿಗೂ ನಮಸ್ಕಾರ. ಇಂಪ್ಲಾಂಟ್ ಮೇಲೆ ಲೇಪಿಸಲು ಪೆಗ್ ಡೈಅಕ್ರಿಲೇಟ್ ಜೆಲ್ (ಪಾಲಿಎಥಿಲೀನ್ ಗ್ಲೈಕಾಲ್ ಸರಪಳಿಗಳನ್ನು ಅಕ್ರಿಲೇಟ್ ತುದಿಗಳಿಂದ ಹೆಣೆದ, ನೀರು ಹೀರುವ ಹೈಡ್ರೋಜೆಲ್) ಮಾಡುತ್ತಿದ್ದೇನೆ. ಜೆಲ್ ಗಟ್ಟಿಮಾಡಲು ಎಲ್‌ಎಪಿ ಇನಿಶಿಯೇಟರ್ (ಬೆಳಕು ಬಿದ್ದಾಗ ಪ್ರತಿಕ್ರಿಯೆ ಶುರುಮಾಡುವ ರಾಸಾಯನಿಕ), 405 ನ್ಯಾನೋಮೀಟರ್ ಬೆಳಕು. ಬಿಲ್ಲೆಗಳನ್ನು ಫ್ರೀಜ್ ಡ್ರೈ ಮಾಡಿ, 1 ಮಿ.ಲೀ. ಮೀಡಿಯಾಕ್ಕೆ (ಸೆಲ್ ಬೆಳೆಸುವ ದ್ರವ) 0.2 ಗ್ರಾಂ ಲೆಕ್ಕದಲ್ಲಿ ಹಾಕಿ, 37 ಡಿಗ್ರಿಯಲ್ಲಿ 24 ಗಂಟೆ ಇಡುತ್ತೇನೆ. ಜೆಲ್‌ನಿಂದ ಸೋರಿದ್ದನ್ನು ಹೊತ್ತ ಆ ದ್ರವವನ್ನು, ಅಂದರೆ ಎಕ್ಸ್‌ಟ್ರಾಕ್ಟನ್ನು, ಎಲ್929 ಸೆಲ್‌ಗಳಿಗೆ (ಇಲಿಯ ಸೆಲ್‌ಗಳು) ಹಾಕಿ ಎಂಟಿಟಿ (ಬದುಕಿದ ಸೆಲ್‌ಗಳು ನೇರಳೆ ಮಾಡುವ ಬಣ್ಣದ ಟೆಸ್ಟ್) ಮಾಡಿದರೆ ಬದುಕಿದ ಸೆಲ್‌ಗಳ ಪ್ರಮಾಣ ಪಾಸಾಗಲು ಬೇಕಾದ ಶೇ. 70ರ ಗೆರೆಗಿಂತ ತುಂಬಾ ಕೆಳಗೆ ಬರುತ್ತಿದೆ. ಪಾಲಿಎಥಿಲೀನ್ ನೆಗೆಟಿವ್ ಕಂಟ್ರೋಲ್ (ವಿಷವಿಲ್ಲದ ಹೋಲಿಕೆ ವಸ್ತು) ಚೆನ್ನಾಗಿದೆ. ಪೆಗ್ ಸುರಕ್ಷಿತ ಅಂತಾರಲ್ವಾ? ಎಲ್ಲಿಂದ ಹುಡುಕಲಿ?

ಕೋಶದೀಪ:
24 ಗಂಟೆ ಆದ ಮೇಲೆ ಟ್ಯೂಬಿನಲ್ಲಿ ಎಷ್ಟು ಮೀಡಿಯಾ ಉಳಿದಿರುತ್ತೆ? ಬಣ್ಣ ಹೇಗಿದೆ?

ಜೆಲ್‌ಮಿತ್ರ:
ಬಿಲ್ಲೆ ಉಬ್ಬಿ ತಳ ಪೂರ್ತಿ ತುಂಬಿಕೊಂಡಿರುತ್ತೆ. ಟ್ಯೂಬ್ ವಾಲಿಸಿದರೆ ಪಕ್ಕದಲ್ಲಿ ಒಂದಿಷ್ಟು ದ್ರವ ಕೂಡುತ್ತೆ, ಅದನ್ನೇ ಎಳೆದುಕೊಳ್ಳುತ್ತೇನೆ. ಬಣ್ಣ ಕೆಂಪಾಗೇ ಇದೆ, ಹಳದಿಗೆ ತಿರುಗಿಲ್ಲ.

ಕೋಶದೀಪ:
ಹಾಗಾದರೆ ಆಮ್ಲದ ಕಾಟ ಇಲ್ಲ, ಇದ್ದಿದ್ದರೆ ಮೀಡಿಯಾ ಹಳದಿಯಾಗುತ್ತಿತ್ತು. ಮೊದಲು ಅಳತೆ ಸರಿಮಾಡಿ. ಒಣ ಜೆಲ್ ಮೀಡಿಯಾವನ್ನು ಕುಡಿದುಬಿಡುತ್ತೆ. ಹೀರುವ ವಸ್ತುಗಳಿಗೆ ಐಎಸ್‌ಒ 10993-12ರಲ್ಲಿ (ವೈದ್ಯಕೀಯ ಸಾಧನಗಳ ಟೆಸ್ಟಿಗೆ ಮಾದರಿ ತಯಾರಿಸುವ ಅಂತರರಾಷ್ಟ್ರೀಯ ಮಾನದಂಡ) ದಾರಿ ಹೇಳಿದೆ: 0.1 ಗ್ರಾಂ ಎಷ್ಟು ದ್ರವ ಹೀರುತ್ತೆ ಅಂತ ಮೊದಲು ಬೇರೆಯಾಗಿ ನೋಡಿ, ಅಷ್ಟನ್ನು ಮಾಮೂಲಿ ಅಳತೆಯ ಮೇಲೆ ಹೆಚ್ಚುವರಿಯಾಗಿ ಸೇರಿಸಬೇಕು. ಈಗ ನೀವು ಎಳೆದುಕೊಳ್ಳುತ್ತಿರೋ ಆ ಚೂರು ದ್ರವ ಎಷ್ಟು ಗಾಢವಾಗಿದೆ ಅಂತ ಹೇಳೋಕೇ ಆಗಲ್ಲ.

ಇನ್ನೊಂದು ಮಾತು. ಎಕ್ಸ್‌ಟ್ರಾಕ್ಟ್ ಮೋಡಮೋಡ ಕಂಡರೆ ಸುಮ್ನೆ ಫಿಲ್ಟರ್ ಮಾಡಿಬಿಡಬೇಡಿ. ಮಾಡಲೇಬೇಕಾದರೆ ಕಾರಣ ಬರೆದಿಡಿ.

ನೀರಹನಿ:
ಕೋಶದೀಪ ಅವರ ಮಾತು ನಿಜ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ನನ್ನ ಮೊದಲ ಅನುಮಾನ ಜೆಲ್ ಒಳಗೆ ಉಳಿದಿರೋ ಪ್ರತಿಕ್ರಿಯಿಸದ ಅಕ್ರಿಲೇಟ್ ಮತ್ತು ಇನಿಶಿಯೇಟರ್ ಮೇಲೆ. ಪೆಗ್ ಸೌಮ್ಯವಾಗಿದ್ದರೂ ಅಕ್ರಿಲೇಟ್ ತುದಿ ಪ್ರೋಟೀನಿನ ಥಯೋಲ್ (ಗಂಧಕ ಇರುವ) ಗುಂಪುಗಳಿಗೆ ಅಂಟಿಕೊಳ್ಳುತ್ತೆ, ಸೆಲ್‌ಗೆ ಅದೇ ಪೆಟ್ಟು.

ಹೀಗೆ ಮಾಡಿ. ಒಂದೇ ಬ್ಯಾಚಿನ ಬಿಲ್ಲೆಗಳನ್ನು ಎರಡು ಪಾಲು ಮಾಡಿ. ಒಂದು ಪಾಲನ್ನು ಒಣಗಿಸುವ ಮೊದಲೇ ಪಿಬಿಎಸ್‌ನಲ್ಲಿ (ಸೆಲ್‌ಗೆ ಒಗ್ಗುವ ಉಪ್ಪಿನ ದ್ರಾವಣ) ನೆನೆಸಿ, ಒಂದೆರಡು ದಿನ ದ್ರವ ಬದಲಿಸುತ್ತಾ ತೊಳೆಯಿರಿ. ಇನ್ನೊಂದನ್ನು ಹಾಗೇ ಬಿಡಿ. ಎರಡರ ಎಕ್ಸ್‌ಟ್ರಾಕ್ಟನ್ನೂ ಶೇ. 100, 50, 25, 12.5ರಂತೆ ತೆಳುಮಾಡಿ ಹಾಕಿ. ತೊಳೆದದ್ದು ಮೇಲೆ ಬಂದು, ತೊಳೆಯದ್ದು ತೆಳುವಾದಂತೆ ಚೇತರಿಸಿಕೊಂಡರೆ ವಿಷ ಹೊರಸೋರುತ್ತಿದೆ ಅಂತಲೇ ಅರ್ಥ. ಶೇ. 50ರ ಎಕ್ಸ್‌ಟ್ರಾಕ್ಟಲ್ಲಿ ಬದುಕಿದ ಸೆಲ್ ಶೇ. 100ರದ್ದಕ್ಕಿಂತ ಕಡಿಮೆ ಬಂದರೆ ಆ ಟೆಸ್ಟನ್ನೇ ಮತ್ತೆ ಮಾಡಬೇಕು. ಸೆಲ್‌ಗೆ ವಿಷವೇ ಎಂದು ನೋಡುವ ಮಾನದಂಡ ಐಎಸ್‌ಒ 10993-5ರ ಎಂಟಿಟಿ ವಿಧಾನದಲ್ಲೂ ಹಾಗೇ ಇದೆ.

ಒಂದು ಎಚ್ಚರಿಕೆ: ಟೆಸ್ಟಿಗೆ ತೊಳೆದರೆ, ಕೊನೆಗೆ ದೇಹಕ್ಕೆ ಹೋಗುವ ಜೆಲ್ ಕೂಡ ಹಾಗೇ ತೊಳೆದದ್ದಿರಬೇಕು. ತೊಳೆದದ್ದನ್ನು ಪಾಸ್ ಮಾಡಿಸಿ ತೊಳೆಯದ್ದನ್ನು ಕೊಡೋದು ರೋಗಿಗೆ ಮಾಡುವ ಅನ್ಯಾಯ.

ಕೋಶದೀಪ:
ಸೆಲ್ ಇಲ್ಲದ ವೆಲ್‌ನಲ್ಲಿ (ಟೆಸ್ಟ್ ಪ್ಲೇಟಿನ ಗುಳಿ) ಎಕ್ಸ್‌ಟ್ರಾಕ್ಟ್ ಮತ್ತು ಎಂಟಿಟಿ ಮಾತ್ರ ಹಾಕಿಯೂ ನೋಡಿ. ಥಯೋಲ್ ಇರುವ ಜೆಲ್‌ಗಳು ಸೆಲ್ ಇಲ್ಲದೆಯೂ ಎಂಟಿಟಿಯನ್ನು ನೇರಳೆ ಮಾಡಿಬಿಡುತ್ತವೆ, ಆಗ ಸತ್ತ ಸೆಲ್‌ಗಳೂ ಬದುಕಿದಂತೆ ಕಾಣುತ್ತವೆ. ನಿಮ್ಮ ಜೆಲ್‌ಗೆ ಈ ಭಯ ಕಡಿಮೆ, ಆದರೂ ಒಂದು ವೆಲ್ ಖರ್ಚಾದರೆ ಏನಂತೆ?

ಜೆಲ್‌ಮಿತ್ರ:
ಹೀರುವಿಕೆ ಲೆಕ್ಕ ಹಾಕಿ, ತೊಳೆದು ಮತ್ತೆ ಮಾಡಿದೆ. ತೊಳೆದ ಬಿಲ್ಲೆಗಳ ಫಲಿತಾಂಶ ಗೆರೆ ದಾಟಿದೆ. ತೊಳೆಯದ್ದು ಶೇ. 100ರಲ್ಲಿ ಕೆಟ್ಟದಾಗಿದೆ, ತೆಳುವಾದಂತೆ ಸುಧಾರಿಸುತ್ತಿದೆ. ಸೆಲ್ ಇಲ್ಲದ ವೆಲ್ ಬಣ್ಣವೇ ಬದಲಿಸಲಿಲ್ಲ. ಮೈಕ್ರೋಸ್ಕೋಪಿನಲ್ಲೂ ನೋಡಿದೆ: ತೊಳೆಯದ ಕಡೆ ದುಂಡಗಾಗಿ ತಳದಿಂದ ಬಿಟ್ಟುಕೊಂಡ ಸೆಲ್‌ಗಳು, ತೊಳೆದ ಕಡೆ ಚಾಚಿ ಹರಡಿಕೊಂಡವು. ಇನ್ನು ನೇರ ಇಂಪ್ಲಾಂಟ್ ಪರೀಕ್ಷೆಗೆ ಹೋಗಬಹುದಾ?

ನೀರಹನಿ:
ಒಳ್ಳೆಯದಾಯ್ತು! ಆದರೆ ಬೇಡ, ಮೊದಲು ಎಲ್‌ಎಎಲ್ ಟೆಸ್ಟ್‌ನಿಂದ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಪದರದಿಂದ ಬರುವ ವಿಷ) ನೋಡಿ. ಎಲ್929 ಸೆಲ್‌ಗಳು ಅದಕ್ಕೆ ಸಾಯದೆ ಆರಾಮಾಗಿರಬಹುದು, ದೇಹದಲ್ಲಿ ಮಾತ್ರ ಉರಿಯೂತ ಏಳುತ್ತೆ. ಸ್ಟೆರಿಲೈಸ್ ಮಾಡಿದ ಮೇಲೂ ಇದೇ ಎಕ್ಸ್‌ಟ್ರಾಕ್ಟ್ ಟೆಸ್ಟ್ ಇನ್ನೊಮ್ಮೆ ಮಾಡಿ. ಎಥನಾಲ್ ಬಳಸಿದ್ದರೆ ಅದು ಜೆಲ್ ಒಳಗೇ ಉಳಿದುಕೊಳ್ಳುತ್ತೆ, ಅದನ್ನೂ ತೊಳೆದೇ ಹೊರಹಾಕಬೇಕು.