ಅಮೆರಿಕದ ಮೂನ್‌ಶೈನ್, ನಮ್ಮ ಕಳ್ಳಭಟ್ಟಿ, ಅಂಗಡಿ ವಿಸ್ಕಿ: ವ್ಯತ್ಯಾಸ ಏನು?

ವಿದ್ಯಾನಗರದವ, ಹುಬ್ಬಳ್ಳಿ

ನಮಸ್ಕಾರ ರೀ ಎಲ್ಲರಿಗೂ. ಟೆನ್ನೆಸ್ಸಿಯಲ್ಲಿರುವ ನಮ್ಮಣ್ಣ ಊರಿಗೆ ಬರುವಾಗ ಒಂದು ಗಾಜಿನ ಭರಣಿ ತಂದಿದ್ದಾನೆ. ಉಪ್ಪಿನಕಾಯಿ ಭರಣಿಯ ಹಾಗೇ ಇದೆ. ಮೇಲೆ ‘ಮೂನ್‌ಶೈನ್’ ಅಂತ ಬರೆದಿದ್ದಾರೆ, ಶೇಕಡಾ 50 ಆಲ್ಕೋಹಾಲ್ ಅಂತೆ. ಬಣ್ಣವೇ ಇಲ್ಲ, ತಿಳಿ ನೀರು. ಮೊದಲು ಅಲ್ಲಿ ಇದನ್ನು ಗುಡ್ಡದಲ್ಲಿ ಕದ್ದು ಕಾಯಿಸುತ್ತಿದ್ದರಂತೆ, ಈಗ ಅಂಗಡಿಯಲ್ಲೇ ಸಿಗುತ್ತದೆ. ಹಾಗಾದರೆ ನಮ್ಮ ಕಳ್ಳಭಟ್ಟಿಯೂ ಇದೇ ಅಲ್ವಾ? ವಿಸ್ಕಿಗೂ ಇದಕ್ಕೂ ವ್ಯತ್ಯಾಸ ಏನು? ಓಣಿಗೊಂದು ವೈನ್ ಶಾಪ್ ಇರುವಾಗಲೂ ಜನ ಕಳ್ಳಭಟ್ಟಿ ಯಾಕೆ ಕುಡಿಯುತ್ತಾರೆ?

ಕೆಮಿಸ್ಟ್ರಿ ಮಾಸ್ತರ್, ಧಾರವಾಡ

ಭಟ್ಟಿಯಿಂದ ಇಳಿಯುವಾಗ ವಿಸ್ಕಿಗೂ ಬಣ್ಣ ಇರುವುದಿಲ್ಲ. ಮೂನ್‌ಶೈನ್ ಹೆಚ್ಚಾಗಿ ಮೆಕ್ಕೆಜೋಳದ್ದು, ಸಕ್ಕರೆಯನ್ನೂ ಸೇರಿಸುತ್ತಾರೆ. ಕದ್ದು ಕಾಯಿಸುವವರು ಇಳಿಸಿದ ಕೂಡಲೇ ಮಾರಿಬಿಡುತ್ತಾರೆ, ಇಟ್ಟುಕೊಂಡರೆ ಸಿಕ್ಕಿಬೀಳುವ ಭಯ. ವಿಸ್ಕಿಯನ್ನು ಮಾತ್ರ ಓಕ್ ಮರದ ಪೀಪಾಯಿಯಲ್ಲಿ ಮಾಗಲು ಬಿಡುತ್ತಾರೆ. ಸ್ಕಾಚ್ ಕನಿಷ್ಠ 3 ವರ್ಷ ಪೀಪಾಯಿಯಲ್ಲಿ ಇರಲೇಬೇಕು. ಅಮೆರಿಕದ ಬೂರ್ಬನ್ ವಿಸ್ಕಿಗೆ ಕನಿಷ್ಠ ಶೇ 51 ಮೆಕ್ಕೆಜೋಳ, ಒಳಗೆ ಸುಟ್ಟ ಹೊಸ ಪೀಪಾಯಿ ಬೇಕು. ಬಣ್ಣ, ವೆನಿಲಾ ಪರಿಮಳ ಎಲ್ಲ ಆ ಮರದ್ದೇ.

ಇನ್ನು ನಮ್ಮಲ್ಲಿ ಸಿಗುವ ಅಗ್ಗದ ವಿಸ್ಕಿ. ಅದರಲ್ಲಿ ಬಹಳಷ್ಟು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕದಿಂದ, ಬಂದ ಸ್ಪಿರಿಟ್. ಶೇ 96ರವರೆಗೆ ಶುದ್ಧ ಮಾಡಿ, ನೀರು ಬೆರೆಸಿ 42.8ಕ್ಕೆ ಇಳಿಸಿ, ವಾಸನೆಗೆ ಸ್ವಲ್ಪ ಮಾಲ್ಟ್ (ಮೊಳಕೆ ಬಾರ್ಲಿಯ) ಸ್ಪಿರಿಟ್, ಬಣ್ಣಕ್ಕೆ ಕ್ಯಾರಮೆಲ್ ಹಾಕುತ್ತಾರೆ. ಯುರೋಪಿನಲ್ಲಿ ಕಾಕಂಬಿಯದನ್ನು ವಿಸ್ಕಿ ಅಂತ ಮಾರುವ ಹಾಗಿಲ್ಲ. ಕಳ್ಳಭಟ್ಟಿಗೆ ಬೆಲ್ಲ, ಅಗ್ಗದ ವಿಸ್ಕಿಗೆ ಕಾಕಂಬಿ: ಎರಡೂ ಕಬ್ಬಿನ ಮಕ್ಕಳೇ. ಕಾರ್ಖಾನೆಯಲ್ಲಿ ಅಳತೆ, ಪರೀಕ್ಷೆ ಇರುತ್ತದೆ. ಗುಡ್ಡದಲ್ಲಿ ಅದ್ಯಾವುದೂ ಇಲ್ಲ. ಅಮೆರಿಕದಲ್ಲೂ ಹಳೇ ಕಾರಿನ ರೇಡಿಯೇಟರ್‌ನಲ್ಲಿ ಆವಿ ತಣಿಸಿ, ಅದರ ಬೆಸುಗೆಯ ಸೀಸ ಸಾರಾಯಿಗೆ ಇಳಿದು ಎಷ್ಟೋ ಜನ ಕಾಯಿಲೆ ಬಿದ್ದಿದ್ದಾರೆ.

ಕಿರಾಣಿ ಅಂಗಡಿಯವ, ಶಿರಹಟ್ಟಿ ತಾಲ್ಲೂಕು

ಮಾಸ್ತರ್ ಹೇಳಿದ್ದು ಸರಿ. ‘ಯಾಕೆ ಕುಡಿಯುತ್ತಾರೆ’ ಅನ್ನುವುದಕ್ಕೆ ನಾನು ಹೇಳುತ್ತೇನೆ. ಕಪ್ಪತಗುಡ್ಡದ ಬದಿಯ ಹಳ್ಳಿ ನಮ್ಮದು, ಅಪ್ಪನ ಕಾಲದಿಂದ ಬೆಲ್ಲ ಮಾರುತ್ತಿದ್ದೇವೆ.

ಹೋಳಿಗೆಗೆ ಬೆಲ್ಲ ಒಯ್ಯುವವರು ಪೆಂಟೆಯ ಮೂಲೆ ಮುರಿದು ಬಾಯಿಗೆ ಹಾಕಿ ನೋಡುತ್ತಾರೆ. ಉಪ್ಪುಪ್ಪಾಗಿದೆ, ಬಣ್ಣ ಜಾಸ್ತಿ ಬಿಳಿ ಇದೆ ಅಂತ ತಕರಾರು ಮಾಡುತ್ತಾರೆ. ಭಟ್ಟಿಗೆ ಒಯ್ಯುವವನು ರುಚಿ ನೋಡುವುದೇ ಇಲ್ಲ. ಮಳೆಗಾಲದಲ್ಲಿ ನೀರೊಡೆದು, ಕಪ್ಪಾಗಿ, ಚೀಲಕ್ಕೆ ಅಂಟಿಕೊಂಡ ಬೆಲ್ಲ ಇರುತ್ತಲ್ಲ, ಅದು ಎಷ್ಟಿದೆ ಅಂತ ಕೇಳುತ್ತಾನೆ. ಆಮೇಲೆ ದನಿ ತಗ್ಗಿಸಿ ನವಸಾಗರ (ಅಮೋನಿಯಂ ಕ್ಲೋರೈಡ್) ಕೇಳುತ್ತಾನೆ. ನವಸಾಗರ ಕಲಾಯಿ ಮಾಡುವವರಿಗೂ ಬೇಕು, ಆದರೆ ಅವರಿಗೆ ಒಂದು ಚಿಟಿಕೆ ಪುಡಿಯಲ್ಲಿ ಒಂದು ಹಂಡೆ ಮುಗಿಯುತ್ತದೆ. ಕಿಲೋಗಟ್ಟಲೆ ಕೇಳುವವನ ಕೈಯಲ್ಲಿ ಕಲಾಯಿ ಕೆಲಸ ಇರುವುದಿಲ್ಲ. ಅಂಥವರಿಗೆ ಅಪ್ಪ ಕೊಡುತ್ತಿರಲಿಲ್ಲ, ನಾನೂ ಕೊಡುವುದಿಲ್ಲ. ಭಟ್ಟಿಗೆ ನೀರಲ್ಲಿ ನೆನೆಸಿ ಹುಳಿ ಬರಿಸುವ ಬೆಲ್ಲದ ಕೊಳೆಗೆ ಜಾಲಿ ತೊಗಟೆ ಹಾಕುವುದು ಹಳೇ ಪದ್ಧತಿ. ಬೇಗ ಹುಳಿ ಬರಲಿ ಅಂತ ಯೂರಿಯಾ ಹಾಕುವವರೂ ಇದ್ದಾರೆ. ಅದನ್ನು ಮನುಷ್ಯರ ಹೊಟ್ಟೆಗೆ ಹೇಗೆ ಇಳಿಸುತ್ತಾರೋ ದೇವರೇ ಬಲ್ಲ.

ಅದನ್ನು ಯಾರೂ ರುಚಿಗೆ ಕುಡಿಯುವುದಿಲ್ಲ. ಮೊದಲ ಕಾರಣ ಉದ್ರಿ. ವೈನ್ ಶಾಪಿನಲ್ಲಿ ಉದ್ರಿ ಇಲ್ಲ, ನೈಂಟಿಗೂ ರೊಕ್ಕ ಮೊದಲು ಎಣಿಸಬೇಕು. ಕಳ್ಳಭಟ್ಟಿಯವನು ಶೇಂಗಾ ಕೀಳುವ ಕೂಲಿ ಬರುವವರೆಗೂ ಕಾಯುತ್ತಾನೆ. ಎರಡನೆಯದು ಹೊತ್ತು. ಹೊಲಕ್ಕೆ ಹೋಗುವವನಿಗೆ ನಸುಕಿನಲ್ಲೇ ಬೇಕು, ಅಂಗಡಿ ತೆರೆಯುವುದು ಹತ್ತಕ್ಕೆ. ದಿನವಿಡೀ ಬಗ್ಗಿ ಈರುಳ್ಳಿ ಕಿತ್ತವರ ಸೊಂಟ ರಾತ್ರಿ ಹೇಗಿರುತ್ತದೆ ಅನ್ನುವುದನ್ನೂ ನೋಡಬೇಕು. ಡಾಕ್ಟರು ಇರುವುದು ಪೇಟೆಯಲ್ಲಿ, ಗ್ಲಾಸು ಸಿಗುವುದು ಮನೆ ಹಿಂದೆ.

ಮೊದಲು ಪಾಕೀಟು ಸಾರಾಯಿ ಇತ್ತು. 2007ರ ಜುಲೈ 1ರಿಂದ ಸರ್ಕಾರ ಅದನ್ನು ಬಂದ್ ಮಾಡಿತು. ಅವತ್ತು ನಮ್ಮೂರಿನ ಅವ್ವಂದಿರು ನಮ್ಮ ಅಂಗಡಿಯಿಂದಲೇ ಸಕ್ಕರೆ ಒಯ್ದು ಹಂಚಿದರು. ಅವರು ಖುಷಿಪಟ್ಟಿದ್ದು ಸರಿಯಾಗೇ ಇತ್ತು, ನಾನು ಇವತ್ತಿಗೂ ಹಾಗೇ ಹೇಳುತ್ತೇನೆ. ಆದರೆ ಕುಡಿತ ನಿಲ್ಲಲಿಲ್ಲ. ಕೈಯಲ್ಲಿ ರೊಕ್ಕ ಇದ್ದವರು ಅಗ್ಗದ ವಿಸ್ಕಿಗೆ ಹೋದರು, ಇಲ್ಲದವರು ಗುಡ್ಡದ ಕಡೆ ನೋಡಿದರು.

2020ರಲ್ಲಿ ಇದು ಇನ್ನೂ ಚೆನ್ನಾಗಿ ಕಂಡಿತು. ಯುಗಾದಿ ದಿನವೇ, ಮಾರ್ಚ್ 25ಕ್ಕೆ, ಲಾಕ್‌ಡೌನ್ ಶುರುವಾಯಿತು. ಹಬ್ಬ ಮುಗಿದರೆ ಬೆಲ್ಲ ಕೇಳುವವರೇ ಇರುವುದಿಲ್ಲ. ಆ ವರ್ಷ ಹಬ್ಬ ಮುಗಿದ ಮೇಲೆ ಕೇಳಲು ಶುರು ಮಾಡಿದರು. ಎಂದೂ ನಮ್ಮ ಅಂಗಡಿ ಮೆಟ್ಟಿಲು ಹತ್ತದ ಬೈಕಿನವರು, ಚೀಲಗಟ್ಟಲೆ. ಮೇ 4ಕ್ಕೆ ವೈನ್ ಶಾಪ್ ತೆರೆದವು, ಬೈಕುಗಳು ನಿಂತವು.

ಇನ್ನೊಂದು ಮಾತು. ಭಟ್ಟಿ ಅಂದ ಕೂಡಲೇ ತಾಂಡಾದವರ ಹೆಸರು ಎತ್ತುತ್ತಾರೆ. ನನಗೆ ಇದು ಬಹಳ ಸಿಟ್ಟು ತರುತ್ತದೆ. ಕಾಯಿಸುವವರು ಎಲ್ಲ ಜಾತಿಯಲ್ಲೂ ಇದ್ದಾರೆ, ಕುಡಿಯಲು ಹೋಗುವವರು ಊರಿನ ಎಲ್ಲ ಓಣಿಯವರು. ಹೊಲ ಇಲ್ಲದೆ ವರ್ಷಕ್ಕೆ ಎಂಟು ತಿಂಗಳು ಗೋವಾಕ್ಕೆ ಗುಳೆ ಹೋಗುವ ಮನೆಯವರನ್ನು ಜೈಲಿಗೆ ಹಾಕಿದರೆ ಗುಡ್ಡ ಖಾಲಿಯಾಗುವುದಿಲ್ಲ. ದುಡಿಯಲು ಕೆಲಸ ಕೊಟ್ಟ ಕಡೆ ಭಟ್ಟಿ ಬಿಟ್ಟವರನ್ನು ನಾನೇ ಕಂಡಿದ್ದೇನೆ.

ವಿದ್ಯಾನಗರದವ, ಹುಬ್ಬಳ್ಳಿ

ಅಣ್ಣಾರ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ ರೀ. ಒಂದು ಕೇಳಬೇಕಿತ್ತು. ಚಮಚದಲ್ಲಿ ಹಾಕಿ ಬೆಂಕಿ ಹಚ್ಚಬೇಕು, ನೀಲಿಯಾಗಿ ಉರಿದರೆ ವಿಷ ಇಲ್ಲ ಅಂತಾರಲ್ಲ, ಅದು ನಿಜವಾ?

ನರ್ಸ್ ಅಕ್ಕ, ಗದಗ

ನಿಜ ಅಲ್ಲ ತಮ್ಮಾ. ವಿಷ ಅಂದರೆ ಮೆಥನಾಲ್, ಅದು ಇನ್ನೊಂದು ಬಗೆಯ ಆಲ್ಕೋಹಾಲ್. ಅದೂ ನೀಲಿಯಾಗೇ ಉರಿಯುತ್ತದೆ. ವಾಸನೆ, ರುಚಿಯಲ್ಲೂ ಗೊತ್ತಾಗುವುದಿಲ್ಲ. ಬೆಲ್ಲದ ಕೊಳೆಯಲ್ಲಿ ತಾನಾಗೇ ಹುಟ್ಟುವ ಮೆಥನಾಲ್ ಬಹಳ ಕಡಿಮೆ. ದೊಡ್ಡ ಸಾವುಗಳು ಆಗುವುದು ಕಿಕ್ ಜಾಸ್ತಿ ಬರಲಿ, ಖರ್ಚು ಉಳಿಯಲಿ ಅಂತ ಕಾರ್ಖಾನೆಯ ಮೆಥನಾಲ್ ಬೆರೆಸಿದಾಗ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. 2008ರಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿ ಕಡೆ, 2024ರಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ಮತ್ತೆ ಹಾಗೇ ಆಯಿತು.

ಮೋಸ ಏನಂದರೆ, ಕುಡಿದ ಕೂಡಲೇ ಏನೂ ಆಗುವುದಿಲ್ಲ. ಮೆಥನಾಲ್ ಮೈಯೊಳಗೆ ಫಾರ್ಮಿಕ್ ಆಮ್ಲವಾಗಿ, ಅರ್ಧ ದಿನ, ಒಂದು ದಿನ ಕಳೆದ ಮೇಲೆ ಹೊಟ್ಟೆ ನೋವು, ವಾಂತಿ, ಜೋರು ಉಸಿರು ಶುರುವಾಗುತ್ತದೆ. ಕಣ್ಣ ಮುಂದೆ ಬಿಳಿ ಮಂಜು ಕವಿಯುತ್ತದೆ. ‘ನಿಶೆ ಇಳಿದಿಲ್ಲ, ಮಲಗಲಿ ಬಿಡು’ ಅಂತ ಮನೆಯವರು ಸುಮ್ನೆ ಬಿಟ್ಟುಬಿಡುತ್ತಾರೆ, ಅಷ್ಟರಲ್ಲಿ ಕಣ್ಣು ಹೋಗಿರುತ್ತದೆ. ಇದಕ್ಕೆ ಔಷಧಿ ಇದೆ, ಡಯಾಲಿಸಿಸ್ ಇದೆ. ಡಯಾಲಿಸಿಸ್ ಇರುವ ಆಸ್ಪತ್ರೆಗೇ ನೇರ ಕರೆದೊಯ್ಯಿರಿ. ಕೇಸಿಗೆ ಹೆದರಿ ಏನು ಕುಡಿದರು ಅನ್ನುವುದನ್ನು ಮುಚ್ಚಿಡಬೇಡಿ. ಬಾಟಲಿಯಲ್ಲಿ ಉಳಿದದ್ದು ಇದ್ದರೆ ಚೆಲ್ಲದೆ ತನ್ನಿ. ಜೊತೆಗೆ ಕುಡಿದವರು ಯಾರು ಅಂತ ಕೇಳಿ ಅವರನ್ನೂ ಕರೆತನ್ನಿ, ನನಗೇನೂ ಆಗಿಲ್ಲ ಅಂತ ಅವರು ಎಷ್ಟೇ ಹೇಳಿದರೂ.