ಪದಚರ್ಚೆ: ‘ಫೀಡ್‌ಬ್ಯಾಕ್ ತಂತಿ’ಗೆ ಕನ್ನಡ ಫಲಕ, ನಾಳೆಯೇ ಬೇಕು

ಹುಬ್ಬಳ್ಳಿಯಿಂದ:
ವಿದ್ಯಾನಗರದ ಪ್ರಯೋಗಾಲಯವೊಂದಕ್ಕೆ ಎರಡು ಫಲಕ, ಒಂದು ಪುಟದ ಕೈಪಿಡಿ. ನಾಳೆ ಅಚ್ಚಿಗೆ ಹೋಗಬೇಕು. ಮೇಜಿನ ಮೇಲಿರುವುದು 24 ವೋಲ್ಟನ್ನು 48ಕ್ಕೆ ಏರಿಸುವ ಬೂಸ್ಟ್ ಕನ್ವರ್ಟರ್. ಸರ್ಕ್ಯೂಟಿನ ಗಣಿತ ಮಾದರಿ ಬರೆಯದೆ, ಅಳೆದ ಅಂಕಿಗಳಿಂದಲೇ ಅದನ್ನು ಹತೋಟಿಯಲ್ಲಿಡುವ ವಿಧಾನ. ಕನ್ನಡ ಪದ ಬೇಕಾದವು: ಡೇಟಾ-ಡ್ರಿವನ್ (ಈ ವಿಧಾನದ ಹೆಸರು), ಫೀಡ್‌ಬ್ಯಾಕ್ (ಔಟ್‌ಪುಟ್ ಎಷ್ಟಿದೆಯೆಂಬ ಸುದ್ದಿ ಕಂಟ್ರೋಲರಿಗೆ ಮರಳುವುದು), ಡ್ಯೂಟಿ ರೇಶಿಯೊ, ಪವರ್ ಕನ್ವರ್ಟರ್. ಕೈಗೆ ಬಂದ ಕರಡಿನಲ್ಲಿ ‘ಕರ್ತವ್ಯ ಅನುಪಾತ’ ಎಂದಿದೆ!

ಧಾರವಾಡದಿಂದ:
‘ಕರ್ತವ್ಯ’ ಹೊಡೆದುಹಾಕಿ. ಒಂದು ಸುತ್ತಿನಲ್ಲಿ ಸ್ವಿಚ್ಚು ಚಾಲೂ ಇರುವ ಪಾಲು ಅಷ್ಟೇ, ‘ಚಾಲೂಪಾಲು’ ಎನ್ನಿ.

ಫೀಡ್‌ಬ್ಯಾಕಿಗೆ ‘ಹಿನ್ನೂಡಿಕೆ’. ಉಣ್ ಧಾತುವಿನ ಪ್ರೇರಣಾರ್ಥಕ ಊಡು. ಕೂಸಿಗೆ ಹಾಲೂಡುತ್ತೇವೆ, ಬಟ್ಟೆಗೆ ಬಣ್ಣ ಊಡುತ್ತೇವೆ. ಹಿನ್+ಊಡಿಕೆ, ‘ಮುನ್ನರಿವು’ ಆದ ಹಾಗೆಯೇ ನಕಾರಕ್ಕೆ ದ್ವಿತ್ವ. ‘ಪುನರ್ಭರಣ’ವನ್ನು ಯಾರೂ ತರಬೇಡಿ, ಅದು ತೊಟ್ಟಿ ತುಂಬಿಸುವ ಮಾತು.

ಡೇಟಾಕ್ಕೆ ದತ್ತಾಂಶ. ಲ್ಯಾಟಿನ್ನಿನ ‘ದತುಮ್’ ಅಂದರೂ ಕೊಟ್ಟದ್ದು, ಸಂಸ್ಕೃತದ ‘ದತ್ತ’ ಅಂದರೂ ಕೊಟ್ಟದ್ದು. ಮುಗಿಯಿತು.

ಗದಗದಿಂದ:
ಮುಗಿದಿಲ್ಲ. ಊಡಿಕೆಗೆ ಅಚ್ಚಗನ್ನಡ, ಅಂಕಿಗೆ ಮಡಿ ಸಂಸ್ಕೃತ, ಇದ್ಯಾವ ನ್ಯಾಯ?

ಇಲ್ಲಿನ ಅಂಕಿಗಳನ್ನು ಯಾರೂ ‘ಕೊಟ್ಟಿಲ್ಲ’. ಚಾಲೂಪಾಲನ್ನು 0.5ರಲ್ಲಿ ಸುಮ್ಮನೆ ನಿಲ್ಲಿಸಿ ದಿನವಿಡೀ ಅಳೆಯಿರಿ, 48, 48, 48. ಅದರಿಂದ ಯಾವ ಕಂಟ್ರೋಲರೂ ಏನನ್ನೂ ಕಲಿಯದು. 0.48ಕ್ಕೂ 0.52ಕ್ಕೂ ನಡುವೆ ಅಡ್ಡಾದಿಡ್ಡಿಯಾಗಿ ಕುಲುಕಬೇಕು, ಔಟ್‌ಪುಟ್ 46ರಿಂದ 50ರೊಳಗೆ ತೂಗಾಡಬೇಕು. ಸ್ವಿಚಿಂಗ್ 20 ಕಿಲೋಹರ್ಟ್ಸ್ ಆದರೆ 50 ಮೈಕ್ರೋಸೆಕೆಂಡಿಗೊಂದು ಅಳತೆ. ಅದನ್ನೂ ಸ್ವಿಚ್ಚು ಬದಲಾಗುವ ಕ್ಷಣದಲ್ಲಿ ತೆಗೆದರೆ ಬರುವುದು ಗದ್ದಲ, ಅಂದರೆ ಅಳತೆಗೆ ಬೆರೆಯುವ ಕಲಬೆರಕೆ ಏರಿಳಿತ. ಪಲ್ಸಿನ ನಟ್ಟನಡುವೆ ತೆಗೆಯಬೇಕು. ಇಂಡಕ್ಟರ್ ಒಂದು, ಕೆಪಾಸಿಟರ್ ಒಂದು, ಅಂದರೆ ಶಕ್ತಿ ಕೂಡಿಡುವ ಭಾಗಗಳು ಎರಡು, ಎರಡನೆಯ ದರ್ಜೆಯ ಸರ್ಕ್ಯೂಟು. ಹಿಂದಿನ 5 ಹೆಜ್ಜೆ ನೋಡಿ ಮುಂದಿನ 15 ಹೆಜ್ಜೆ ಊಹಿಸುವುದಾದರೆ, ಅಳತೆಗಳಿಂದಲೇ ಸರ್ಕ್ಯೂಟಿನ ನಡೆ ಹಿಡಿಯಬಹುದೆಂದು ತೋರಿಸಿದ ವಿಲೆಮ್ಸ್ ಮತ್ತು ಸಂಗಡಿಗರ 2005ರ ಪ್ರಮೇಯದ ಲೆಕ್ಕಕ್ಕೆ ಕನಿಷ್ಠ 43 ಅಳತೆ. ಗದ್ದಲವಿರುವುದರಿಂದ ನಿಜದಲ್ಲಿ ಅದರ ಹಲವು ಪಟ್ಟು. ಮುಂದಿನ ಹೆಜ್ಜೆಗಳಲ್ಲಿ ಜಿಪುಣತನ ಬೇಡ: ಪಾಲು ಹೆಚ್ಚಿಸಿದ ಮೊದಲ ಕ್ಷಣ ಬೂಸ್ಟಿನ ಔಟ್‌ಪುಟ್ ಏರುವ ಬದಲು ತುಸು ಕುಸಿಯುತ್ತದೆ. ಆ ಕುಸಿತವನ್ನಷ್ಟೇ ಕಂಡ ಕಂಟ್ರೋಲರ್ ಉಲ್ಟಾ ತಿರುಗುತ್ತದೆ.

ಕೆದಕಿ ತೆಗೆದದ್ದಕ್ಕೆ ‘ದತ್ತ’ ಹೇಗಾದೀತು? ‘ಅಳತೆಯಾಧಾರಿತ ನಿಯಂತ್ರಣ’ ಎನ್ನಿ. ‘ದತ್ತಾಂಶ ಚಾಲಿತ’ ಅಂದರೆ ಡೀಸೆಲ್ ಚಾಲಿತ ಪಂಪ್‌ಸೆಟ್ಟಿನ ತಮ್ಮನಂತೆ ಕೇಳಿಸುತ್ತದೆ.

ಹಾವೇರಿಯಿಂದ:
ಇಬ್ಬರೂ ಫಲಕ ಓದುವವನನ್ನು ಮರೆತಿದ್ದೀರಿ. ‘ವಿದ್ಯುತ್ ಪರಿವರ್ತಕ’ ಎಂದು ಬರೆದರೆ ನಮ್ಮ ಕಡೆ ಅದು ಹೊಲದ ಅಂಚಿನ ಟಿಸಿ. ಪತ್ರಿಕೆಗಳು ಟ್ರಾನ್ಸ್‌ಫಾರ್ಮರಿಗೆ ಆ ಪದವನ್ನು ಆಗಲೇ ಕೊಟ್ಟುಬಿಟ್ಟಿವೆ. ಕನ್ವರ್ಟರ್ ಅಂತಲೇ ಇರಲಿ.

‘ಹಿನ್ನೂಡಿಕೆ’ ಇನ್ನೂ ಅಪಾಯದ ಪದ. ಎರಡೂ ದಿಕ್ಕಿಗೆ ಹರಿಸುವ ಕನ್ವರ್ಟರಿನಲ್ಲಿ ಮೋಟಾರಿಗೆ ಬ್ರೇಕ್ ಹಾಕಿದಾಗ ವಿದ್ಯುತ್ತೇ ಬ್ಯಾಟರಿಗೆ ಹಿಂದಿರುಗುತ್ತದೆ. ಹಿಂದಕ್ಕೆ ಊಡುವುದು ಅಂದರೆ ಅದು. ಇಲ್ಲಿ ಹಿಂದಕ್ಕೆ ಹೋಗುವುದು ಬರೀ ಸುದ್ದಿ. ‘ಹಿಮ್ಮಾಹಿತಿ’ ಎಂಬ ಪದ ಶಿಕ್ಷಣದವರ ಬಾಯಲ್ಲಿ ಆಗಲೇ ಇದೆ, ಅದನ್ನೇ ತೆಗೆದುಕೊಳ್ಳಿ.

ಧಾರವಾಡದಿಂದ:
ಹಿಮ್ + ಮಾಹಿತಿ! ತಲೆ ಕನ್ನಡದ್ದು, ಮುಂಡ ಮರಾಠಿಯಿಂದ ಬಂದದ್ದು. ಹೀಗೆ ಸಾಲ ಮಾಡುತ್ತಾ ಹೋದರೆ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಗದಗದಿಂದ:
‘ಚಾಲೂಪಾಲು’ ಕಟ್ಟಿದವರು ತಾವೇ ಅಲ್ಲವೇನ್ರೀ? ಚಾಲೂ ಯಾವ ಹಳಗನ್ನಡ? ಸುದ್ದಿ, ಎಚ್ಚರ ಎನ್ನುವ ‘ಖಬರು’ ಅರಬ್ಬಿ, ಆದರೆ ‘ಮೈಮ್ಯಾಲೆ ಖಬರಿಲ್ಲ’ ಅನ್ನುವವರಿಗೆ ಅರಬ್ಬಿಯ ನೆನಪೂ ಇಲ್ಲ. ಖರೆ ಹೇಳಬೇಕಂದರೆ ಈ ತಂತಿಗೆ ‘ಖಬರಿನ ತಂತಿ’ಯೇ ತಕ್ಕ ಹೆಸರು. ಅದು ಕಳಚಿತೆನ್ನಿ: ಎಡಿಸಿ, ಅಂದರೆ ವೋಲ್ಟೇಜನ್ನು ಅಂಕಿಯಾಗಿಸುವ ಭಾಗ, ಸೊನ್ನೆ ಓದಬಹುದು, ಆಗ ಕಂಟ್ರೋಲರ್ ವೋಲ್ಟೇಜ್ ಸಾಲದೆಂದು ತಿಳಿದು ಪಾಲನ್ನು ಏರಿಸುತ್ತಲೇ ಹೋಗುತ್ತದೆ. 0.8 ಮುಟ್ಟಿದರೆ ಲೆಕ್ಕಕ್ಕೆ 120 ವೋಲ್ಟ್, ಹಾಕಿರುವುದು 63 ವೋಲ್ಟಿನ ಕೆಪಾಸಿಟರ್. ಢಂ! ಖಬರಗೇಡಿ ಕಂಟ್ರೋಲರ್ ಅಂದರೆ ಇದೇ.

ಫಲಕವನ್ನೇ ನಂಬಬೇಡಿ. ಪ್ರೋಗ್ರಾಮಿನಲ್ಲಿ ಪಾಲು 0.6 ದಾಟದಂತೆ ಮಿತಿ ಹಾಕಿ, ಲೆಕ್ಕಕ್ಕೆ 60 ವೋಲ್ಟಿಗೆ ನಿಲ್ಲುತ್ತದೆ. ವೋಲ್ಟೇಜ್ ತಗ್ಗಿಸುವ ರೆಸಿಸ್ಟರುಗಳು ತಂತಿಯ ಕನ್ವರ್ಟರ್ ಬದಿಯಲ್ಲೇ ಇದ್ದು, ಎಡಿಸಿ ಕಾಲಿಗೆ ದೊಡ್ಡ ಬೆಲೆಯ ಪುಲ್-ಅಪ್ ರೆಸಿಸ್ಟರ್ (ಕಾಲನ್ನು ಮೇಲಿನ ವೋಲ್ಟೇಜಿಗೆ ಎಳೆದಿಡುವಂಥದ್ದು) ಕೊಟ್ಟರೆ ತಂತಿ ಕಳಚಿದಾಗ ಓದು ಸೊನ್ನೆಯಾಗುವ ಬದಲು ತುದಿ ಮುಟ್ಟುತ್ತದೆ, ಕಂಟ್ರೋಲರ್ ತಾನೇ ಪಾಲು ಇಳಿಸುತ್ತದೆ.

ಹುಬ್ಬಳ್ಳಿಯಿಂದ:
ಎಲ್ಲರಿಗೂ ಶರಣು. ಅಚ್ಚಿಗೆ ಹೋಗುವುದು ಇದು:

ಫಲಕ 1: ಅಳತೆಯಾಧಾರಿತ ಕನ್ವರ್ಟರ್ ನಿಯಂತ್ರಣ
ಫಲಕ 2: ಫೀಡ್‌ಬ್ಯಾಕ್ ತಂತಿ. ವಿದ್ಯುತ್ ಇರುವಾಗ ಕಳಚಬೇಡಿ. ಕೆಪಾಸಿಟರ್ ಸಿಡಿಯುತ್ತದೆ.

ಕೈಪಿಡಿಯ ಒಳಗೆ ಮಾತ್ರ ‘ಹಿಮ್ಮಾಹಿತಿ’, ‘ಚಾಲೂಪಾಲು’.

ಧಾರವಾಡದಿಂದ:
ಎರಡನೆಯ ಫಲಕದಲ್ಲಿ ಕನ್ನಡ ಎಲ್ಲಿದೆ?

ಹಾವೇರಿಯಿಂದ:
‘ಸಿಡಿಯುತ್ತದೆ’ಯಲ್ಲಿ.