ಕನ್ನಡದಲ್ಲಿ ಚಿತ್ರಕಥೆ ಬರೆಯಲು ಯಾವ ತಂತ್ರಾಂಶ ಸೂಕ್ತ? – ಪ್ರಶ್ನೋತ್ತರ

ಪ್ರಶ್ನೆ (ಹಾಸನದ ಸದಸ್ಯರು): ನಮಸ್ಕಾರ ಮೇಡಂ. ನನ್ನ ಮೊದಲ ಚಿತ್ರಕಥೆಯನ್ನು ನೋಟ್‌ಬುಕ್‌ನಲ್ಲಿ ಪೂರ್ತಿ ಬರೆದು ಮುಗಿಸಿದ್ದೇನೆ. ಅದನ್ನು ಓದಲು ಒಪ್ಪಿರುವ ನಿರ್ದೇಶಕರು ಸರಿಯಾದ ಫಾರ್ಮ್ಯಾಟ್‌ನಲ್ಲಿ ಟೈಪ್ ಮಾಡಿ ಪಿಡಿಎಫ್ ಕಳಿಸಲು ಹೇಳಿದ್ದಾರೆ. ಸ್ನೇಹಿತರೆಲ್ಲ ಫೈನಲ್ ಡ್ರಾಫ್ಟ್ ಎಂಬ ತಂತ್ರಾಂಶ ಕೊಳ್ಳಬೇಕು ಎನ್ನುತ್ತಾರೆ. ಸಂಭಾಷಣೆ ಪೂರ್ತಿ ಕನ್ನಡದಲ್ಲಿದೆ, ಅದೂ ನಮ್ಮ ಕಡೆಯ ಆಡುಮಾತಿನಲ್ಲಿ. ನಾನು ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ನಮಸ್ಕಾರ. ತಂತ್ರಾಂಶದ ಹೆಸರಿಗಿಂತ ಮೊದಲು ನಿಮ್ಮ ಸ್ಕ್ರಿಪ್ಟನ್ನು ಯಾರು ಯಾವ ಲಿಪಿಯಲ್ಲಿ ಓದುತ್ತಾರೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ನಮ್ಮಲ್ಲಿ ಮೂರು ಬಗೆಯ ರೂಢಿ ಇದೆ. ವಿವರಣೆ ಮತ್ತು ಸಂಭಾಷಣೆ ಎರಡನ್ನೂ ಕನ್ನಡದಲ್ಲೇ ಬರೆಯುವವರಿದ್ದಾರೆ. ವಿವರಣೆಯನ್ನು ಇಂಗ್ಲಿಷಿನಲ್ಲಿಟ್ಟು ಸಂಭಾಷಣೆಯನ್ನು ಮಾತ್ರ ಕನ್ನಡ ಲಿಪಿಯಲ್ಲಿ ಕೊಡುವವರಿದ್ದಾರೆ. ಕನ್ನಡ ಓದಲು ಬಾರದ ನಟರೋ ಛಾಯಾಗ್ರಾಹಕರೋ ತಂಡದಲ್ಲಿದ್ದರೆ ಕನ್ನಡ ಸಂಭಾಷಣೆಯನ್ನು ರೋಮನ್ ಅಕ್ಷರಗಳಲ್ಲಿ ಬರೆದುಕೊಡುವುದೂ ಉಂಟು. ಮೂರನೆಯ ರೂಢಿಯಾದರೆ ಮಾರುಕಟ್ಟೆಯಲ್ಲಿರುವ ಯಾವ ತಂತ್ರಾಂಶವೂ ನಡೆಯುತ್ತದೆ, ಆಯ್ಕೆಯ ಕಷ್ಟವೇ ಇಲ್ಲ. ನಿಮ್ಮದು ಆಡುಮಾತು, ರೋಮನ್ ಅಕ್ಷರಗಳಲ್ಲಿ ಬರೆದರೆ ಹ್ರಸ್ವ ಯಾವುದು, ದೀರ್ಘ ಯಾವುದು, ಎಲ್ಲಿ ಅಲ್ಪಪ್ರಾಣ ಎಂಬುದು ಕಾಣದೆ ಮಾತಿನ ಜೀವವೇ ಹೋಗುತ್ತದೆ. ಆದ್ದರಿಂದ ಕನ್ನಡ ಲಿಪಿಯಲ್ಲೇ ಬರೆಯಿರಿ ಎಂಬುದು ನನ್ನ ದೃಢವಾದ ಸಲಹೆ.

ಕನ್ನಡ ಲಿಪಿ ಎಂದ ಕೂಡಲೇ ಪಟ್ಟಿ ಚಿಕ್ಕದಾಗುತ್ತದೆ. ಈ ತಂತ್ರಾಂಶಗಳಲ್ಲಿ ಹೆಚ್ಚಿನವು ಅಮೆರಿಕದ ಟೈಪ್‌ರೈಟರ್ ಪದ್ಧತಿಯ ಮೇಲೆ ನಿಂತಿವೆ: 12 ಪಾಯಿಂಟ್ ಗಾತ್ರದ ಕೊರಿಯರ್ ಎಂಬ ಫಾಂಟ್, ಒಂದು ಅಂಗುಲಕ್ಕೆ 10 ಅಕ್ಷರ, ಆರು ಸಾಲು, ಎಡಗಡೆ ಒಂದೂವರೆ ಅಂಗುಲ ಅಂಚು. ಕೊರಿಯರ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಹಾಗಾಗಿ ನೀವು ಕನ್ನಡ ಟೈಪ್ ಮಾಡಿದಾಗ ತಂತ್ರಾಂಶವು ಗಣಕದಲ್ಲಿರುವ ಬೇರೊಂದು ಫಾಂಟನ್ನು ಎರವಲು ಪಡೆಯುತ್ತದೆ. ಪರದೆಯ ಮೇಲೆ ಎಲ್ಲವೂ ಸರಿಯಾಗಿ ಕಂಡು, ಪಿಡಿಎಫ್ ಮಾಡಿದಾಗ ಒತ್ತಕ್ಷರಗಳು ಒಡೆದು ಬಿಡಿಬಿಡಿಯಾಗುವ ಅಥವಾ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಬರುವ ತೊಂದರೆ ಹುಟ್ಟುವುದು ಇಲ್ಲಿಯೇ.

ಆದ್ದರಿಂದ ಹಣ ಕೊಡುವ ಮೊದಲು ಈ ಪರೀಕ್ಷೆ ಮಾಡಿ. ಪ್ರಾಯೋಗಿಕ ಆವೃತ್ತಿಯನ್ನು ಇಳಿಸಿಕೊಂಡು, ನಿಮ್ಮದೇ ಒಂದು ದೃಶ್ಯವನ್ನು ಟೈಪ್ ಮಾಡಿ, ಅದರೊಳಗೆ ‘ಸ್ವಾತಂತ್ರ್ಯ’, ‘ರಾಷ್ಟ್ರ’, ‘ಕಾರ್ಯಕರ್ತ’, ‘ರ‍್ಯಾಲಿ’ ಎಂಬ ನಾಲ್ಕು ಪದಗಳನ್ನು ಸೇರಿಸಿ. ಮೊದಲೆರಡರಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತಿದೆ, ಮೂರನೆಯದರಲ್ಲಿ ಅರ್ಕಾವತ್ತು ಇದೆ. ನಾಲ್ಕನೆಯದರಲ್ಲಿ ರಕಾರ ಪೂರ್ಣವಾಗಿ ನಿಂತು ಯಕಾರ ಒತ್ತಾಗಬೇಕು. ಅದಕ್ಕೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತ ಬೇಕಾಗುತ್ತದೆ. ಪಿಡಿಎಫ್ ಮಾಡಿ ಅದನ್ನು ನಿಮ್ಮ ಗಣಕದಲ್ಲಿ ಅಲ್ಲ, ಬೇರೆಯವರ ಫೋನಿನಲ್ಲಿ ತೆರೆದು ನೋಡಿ. ನಾಲ್ಕೂ ಸರಿಯಾಗಿದ್ದರೆ ಅದೇ ಪಿಡಿಎಫ್‌ನಲ್ಲಿ ಒಂದು ಪಾತ್ರದ ಹೆಸರನ್ನು ಹುಡುಕಿ. ನೋಡಲು ಚೆನ್ನಾಗಿದ್ದೂ ಹುಡುಕಿದರೆ ಸಿಗದ ಪಿಡಿಎಫ್‌ಗಳಿವೆ. ಚಿತ್ರೀಕರಣದ ತಯಾರಿಯಲ್ಲಿ ಅದು ದೊಡ್ಡ ಅಡಚಣೆ.

ಈಗ ಹೆಸರುಗಳಿಗೆ ಬರುತ್ತೇನೆ. ನಿಮ್ಮ ಅಗತ್ಯಕ್ಕೆ ಮೊದಲು ನೋಡಬೇಕಾದದ್ದು ಸ್ಕ್ರೈಟ್. ಇದನ್ನು ರೂಪಿಸಿದ್ದು ಬೆಂಗಳೂರಿನ ಟೆರಿಫ್ಲಿಕ್ಸ್ ಸಂಸ್ಥೆ. ಭಾರತೀಯ ಭಾಷೆಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದ ತಂತ್ರಾಂಶವಾದ್ದರಿಂದ, ಒಂದೇ ಸ್ಕ್ರಿಪ್ಟ್‌ನೊಳಗೆ ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಬೆರೆಸಿ ಬರೆಯಲು, ಪ್ರತಿ ಭಾಷೆಗೂ ಬೇರೆ ಫಾಂಟ್ ಆರಿಸಿಕೊಳ್ಳಲು, ಇಂಗ್ಲಿಷ್ ಕೀಲಿಗಳನ್ನೇ ಒತ್ತಿ ಕನ್ನಡ ಮೂಡಿಸಲು ಅನುಕೂಲವಿದೆ. ಫೈನಲ್ ಡ್ರಾಫ್ಟ್‌ನ ಎಫ್‌ಡಿಎಕ್ಸ್ ಕಡತಗಳನ್ನು ಒಳಗೆ ತೆಗೆದುಕೊಳ್ಳುತ್ತದೆ, ಹೊರಗೂ ಕೊಡುತ್ತದೆ. ಫೈನಲ್ ಡ್ರಾಫ್ಟ್ ಹಾಲಿವುಡ್‌ನಲ್ಲಿ ಬಹುಕಾಲದಿಂದ ನೆಲೆಯೂರಿರುವ ತಂತ್ರಾಂಶ. ದೃಶ್ಯಸಂಖ್ಯೆಗಳನ್ನು ಸ್ಥಿರಗೊಳಿಸುವುದು, ತಿದ್ದುಪಡಿಯಾದ ಪುಟಗಳನ್ನು ಬಣ್ಣದಿಂದ ಗುರುತಿಸುವುದು ಮುಂತಾದ ಕೆಲಸಗಳನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಆದರೆ ಅವು ನಿರ್ಮಾಣ ಆರಂಭವಾದ ಮೇಲೆ ಬೇಕಾಗುವ ಸೌಲಭ್ಯಗಳು. ಮೊದಲ ಸ್ಕ್ರಿಪ್ಟನ್ನು ಓದಲು ಕೊಡುವ ಹಂತದಲ್ಲಿ ಅದಕ್ಕಾಗಿ ನೀವು ಸಾಲ ಮಾಡಬೇಕಾಗಿಲ್ಲ. ಟ್ರೆಲ್ಬಿ ಎಂಬ ಉಚಿತ ತಂತ್ರಾಂಶವನ್ನೂ ಕೆಲವರು ಸೂಚಿಸುತ್ತಾರೆ. ಅದು ಮೂಲತಃ ಪಶ್ಚಿಮ ಯುರೋಪಿನ ಅಕ್ಷರಗಳಿಗಾಗಿ ಕಟ್ಟಿದ್ದು, ಕನ್ನಡಕ್ಕೆ ಒಗ್ಗುವುದಿಲ್ಲ.

ಪ್ರಶ್ನೆ (ಧಾರವಾಡದ ಸದಸ್ಯರು): ನನ್ನ ಬಳಿ ಲ್ಯಾಪ್‌ಟಾಪ್ ಇಲ್ಲ, ಫೋನಿನಲ್ಲೇ ಬರೆಯುತ್ತೇನೆ. ಫೌಂಟನ್ ಎಂಬ ವಿಧಾನ ಒಳ್ಳೆಯದು ಎಂದು ಕೇಳಿ ಪ್ರಯತ್ನಿಸಿದೆ. ಆದರೆ ಪಾತ್ರದ ಹೆಸರು, ಸಂಭಾಷಣೆ, ವಿವರಣೆ ಎಲ್ಲವೂ ಒಂದೇ ಅಂಚಿಗೆ ಬಂದು ನಿಲ್ಲುತ್ತವೆ. ಕನ್ನಡಕ್ಕೆ ಅದು ಆಗುವುದೇ ಇಲ್ಲವೇ ಮೇಡಂ?

ಉತ್ತರ: ಖಂಡಿತ ಆಗುತ್ತದೆ, ಮತ್ತು ಫೋನಿನಲ್ಲಿ ಬರೆಯುವವರಿಗೆ ಅದಕ್ಕಿಂತ ಹಗುರವಾದ ದಾರಿ ನನಗೆ ಕಾಣುವುದಿಲ್ಲ. ಫೌಂಟನ್ ಎಂಬುದು ತಂತ್ರಾಂಶವಲ್ಲ, ಸಾದಾ ಪಠ್ಯದಲ್ಲಿ ಚಿತ್ರಕಥೆ ಬರೆಯುವ ಒಂದು ಕ್ರಮ, 2012ರಲ್ಲಿ ಪ್ರಕಟವಾಯಿತು. ಒಂದು ಸಾಲು ಪೂರ್ತಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿದ್ದು, ಮೇಲೆ ಖಾಲಿ ಸಾಲಿದ್ದು, ಕೆಳಗೆ ಖಾಲಿ ಸಾಲಿಲ್ಲದಿದ್ದರೆ ಅದನ್ನು ಪಾತ್ರದ ಹೆಸರು ಎಂದು ಅದು ತಿಳಿಯುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲದ ಕಾರಣ ನಿಮ್ಮ ಪಾತ್ರಗಳನ್ನು ಗುರುತಿಸಲು ಅದಕ್ಕೆ ಯಾವ ಸುಳಿವೂ ಸಿಗುತ್ತಿಲ್ಲ. ಇದಕ್ಕೆ ಪರಿಹಾರವನ್ನು ಆ ಕ್ರಮದೊಳಗೇ ಇಟ್ಟಿದ್ದಾರೆ: ದೃಶ್ಯದ ತಲೆಬರಹದ ಮೊದಲು ಒಂದು ಚುಕ್ಕೆ, ಪಾತ್ರದ ಹೆಸರಿನ ಮೊದಲು @ ಚಿಹ್ನೆ ಹಾಕಬೇಕು. ಹೀಗೆ:

.ಒಳಾಂಗಣ. ಹಿಟ್ಟಿನ ಗಿರಣಿ - ರಾತ್ರಿ

ಬೆಲ್ಟು ನಿಲ್ಲುತ್ತದೆ. ಸಾವಿತ್ರಮ್ಮ ಡಬ್ಬಿಯ ಮುಚ್ಚಳ ತೆಗೆಯುತ್ತಾಳೆ.

@ಸಾವಿತ್ರಮ್ಮ
(ಮಗನ ಕೈ ತಡೆದು)
ಹಿಟ್ಟು ಬಿಸಿ ಐತಿ, ಕೈ ಹಾಕಬ್ಯಾಡ.

ಇಷ್ಟು ಬರೆದ ಕಡತವನ್ನು ಫೌಂಟನ್ ಅರಿಯುವ ಯಾವುದೇ ತಂತ್ರಾಂಶದಲ್ಲಿ ತೆರೆದರೆ ಅಂಚುಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ. ಆವರಣದೊಳಗಿನ ಸೂಚನೆಗೆ ಬೇರೆ ಚಿಹ್ನೆ ಬೇಡ. ಕನ್ನಡದ ಪಿಡಿಎಫ್ ಸರಿಯಾಗಿ ಬರುತ್ತದೆಯೇ ಎಂಬ ಪರೀಕ್ಷೆಯನ್ನು ಇಲ್ಲಿಯೂ ಬಿಡಬೇಡಿ, ಏಕೆಂದರೆ ಪುಟ ಕಟ್ಟುವುದು ಫೌಂಟನ್ ಅಲ್ಲ, ಅದನ್ನು ತೆರೆಯುವ ತಂತ್ರಾಂಶ.

ಪ್ರಶ್ನೆ (ಮೈಸೂರಿನ ಸದಸ್ಯರು): ಹಿರಿಯ ಸಂಭಾಷಣಕಾರರೊಬ್ಬರು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ ಸ್ಕ್ರಿಪ್ಟ್ ಕೊಟ್ಟಿದ್ದಾರೆ. ಅದನ್ನು ನಕಲಿಸಿ ಹೊಸ ತಂತ್ರಾಂಶಕ್ಕೆ ಹಾಕಿದರೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಬರುತ್ತಿವೆ.

ಉತ್ತರ: ಕಡತ ಹಾಳಾಗಿಲ್ಲ, ಗಾಬರಿಯಾಗಬೇಡಿ. ಹಳೆಯ ನುಡಿ ಮತ್ತು ಬರಹ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಆ ಫಾಂಟ್ ತೆಗೆದರೆ ಕೆಳಗಿನ ಸಂಕೇತಗಳು ಹಾಗೆಯೇ ಹೊರಗೆ ಕಾಣುತ್ತವೆ. ಪಠ್ಯವನ್ನು ಮೊದಲು, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಚಿತ್ರಕಥೆಯ ತಂತ್ರಾಂಶಕ್ಕೆ ಹಾಕಿ. ಇದಕ್ಕೆ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸುವ ಮುನ್ನ ಮೂಲ ಕಡತದ ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ. ಪರಿವರ್ತನೆಯ ನಂತರ ಅರ್ಕಾವತ್ತು ಇರುವ ಪದಗಳನ್ನೂ, ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಕಣ್ಣಾರೆ ಓದಿ ತಿದ್ದಬೇಕು. ಪರಿವರ್ತಕವು ಆ ಇಂಗ್ಲಿಷ್ ಪದಗಳನ್ನೂ ಕನ್ನಡದ ಸಂಕೇತವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳನ್ನಾಗಿ ಮಾಡಿರುತ್ತದೆ. ಹಿರಿಯರ ಸಂಭಾಷಣೆ ಅದು, ಆ ಶ್ರಮಕ್ಕೆ ಯೋಗ್ಯವಾದದ್ದು.

ಪ್ರಶ್ನೆ (ಬೆಂಗಳೂರಿನ ಸದಸ್ಯರು): ಒಂದು ಪುಟವೆಂದರೆ ಒಂದು ನಿಮಿಷ ಎನ್ನುತ್ತಾರೆ. ನನ್ನ ಕನ್ನಡ ಸ್ಕ್ರಿಪ್ಟ್ 190 ಪುಟಗಳಾಗಿದೆ. ನಿರ್ಮಾಪಕರು ಮೂರು ಗಂಟೆಯ ಸಿನಿಮಾ ಬೇಡ ಎಂದು ಓದದೆಯೇ ಹಿಂದಿರುಗಿಸಿದರು.

ಉತ್ತರ: ಆ ಲೆಕ್ಕ ಕೊರಿಯರ್ ಅಕ್ಷರ ಮತ್ತು ಅಮೆರಿಕದ ಲೆಟರ್ ಅಳತೆಯ ಕಾಗದವನ್ನು ನಂಬಿಕೊಂಡಿದೆ, ಅಲ್ಲಿಯೂ ಅದು ಸರಾಸರಿಯ ಮಾತು. ಕನ್ನಡದಲ್ಲಿ ಒತ್ತಕ್ಷರಗಳು ಕೆಳಕ್ಕೆ ಇಳಿಯುವುದರಿಂದ ಫಾಂಟ್‌ಗಳು ಸಾಲುಗಳ ನಡುವೆ ಹೆಚ್ಚು ಜಾಗ ಬಿಡುತ್ತವೆ, ಪುಟಕ್ಕೆ ಸಾಲುಗಳು ಕಡಿಮೆಯಾಗುತ್ತವೆ. ಸಂಭಾಷಣೆಯ ಅಂಕಣ ಮೊದಲೇ ಕಿರಿದು. ನಮ್ಮ ಪದಗಳು ಪ್ರತ್ಯಯಗಳನ್ನು ಸೇರಿಸಿಕೊಂಡು ಉದ್ದವಾಗುವುದರಿಂದ ಸಾಲು ಬೇಗ ಮುರಿಯುತ್ತದೆ. ನಾವು ಬಳಸುವ ಎ4 ಕಾಗದ ಲೆಟರ್‌ಗಿಂತ ಸುಮಾರು 18 ಮಿಲಿಮೀಟರ್ ಉದ್ದವಾಗಿದ್ದು ಮೂರ್ನಾಲ್ಕು ಸಾಲು ಹೆಚ್ಚು ಕೊಟ್ಟರೂ ಈ ಕೊರತೆ ತುಂಬುವುದಿಲ್ಲ. ಫಾಂಟ್ ಬದಲಿಸಿದರೆ ಸಾಕು, ಒಂದೇ ಸ್ಕ್ರಿಪ್ಟಿನ ಪುಟಸಂಖ್ಯೆ ಗಣನೀಯವಾಗಿ ಏರುಪೇರಾಗುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ಮಾತು ಹೆಚ್ಚಿರುವ ಐದು ಪುಟ, ಕ್ರಿಯೆ ಹೆಚ್ಚಿರುವ ಐದು ಪುಟ ಆರಿಸಿಕೊಂಡು, ವಿವರಣೆಯ ಭಾಗವನ್ನು ಕಣ್ಣ ಮುಂದೆ ನಡೆಯುವ ವೇಗದಲ್ಲಿ ಕಲ್ಪಿಸಿಕೊಳ್ಳುತ್ತ, ಸಂಭಾಷಣೆಯನ್ನು ಗಟ್ಟಿಯಾಗಿ ಓದಿ ಫೋನಿನ ಗಡಿಯಾರದಲ್ಲಿ ಸಮಯ ಗುರುತಿಸಿ. ಬಂದ ಅನುಪಾತದಿಂದ ಇಡೀ ಸ್ಕ್ರಿಪ್ಟಿನ ಅವಧಿ ಲೆಕ್ಕ ಹಾಕಿ, ಅದನ್ನು ಮುಖಪುಟದಲ್ಲೇ ‘ಅಂದಾಜು ಅವಧಿ’ ಎಂದು ಬರೆದು ಕಳಿಸಿ. ಆ ನಿರ್ಮಾಪಕರಿಗೂ ಹೀಗೆ ವಿವರಿಸಿ ಮತ್ತೊಮ್ಮೆ ಕಳಿಸಿ. ಪುಟ ಕಡಿಮೆ ಮಾಡಲೆಂದು ಅಕ್ಷರವನ್ನು ಚಿಕ್ಕದು ಮಾಡಬೇಡಿ. ಸೆಟ್ಟಿನಲ್ಲಿ ರಾತ್ರಿಯ ಮಬ್ಬು ಬೆಳಕಿನಲ್ಲಿ ಓದುವ ಕಲಾವಿದರ ಮೇಲೆ ಅದರ ಕಷ್ಟ ಬೀಳುತ್ತದೆ.

ಪ್ರಶ್ನೆ (ಮಂಗಳೂರಿನ ಸದಸ್ಯರು): ಎಡಕ್ಕೆ ದೃಶ್ಯ, ಬಲಕ್ಕೆ ಸಂಭಾಷಣೆ ಬರೆಯುವ ನಮ್ಮ ಹಳೆಯ ಪದ್ಧತಿ ತಪ್ಪೇ?

ಉತ್ತರ: ತಪ್ಪಲ್ಲ. ಸೆಟ್ಟಿನಲ್ಲಿ ಸಂಭಾಷಣೆ ಹೇಳಿಕೊಡುವವರಿಗೆ ಬಲಭಾಗ, ಶಾಟ್ ವಿಂಗಡಿಸುವವರಿಗೆ ಎಡಭಾಗ ಒಂದೇ ನೋಟಕ್ಕೆ ಸಿಗುವ ಅನುಕೂಲ ಅದರಲ್ಲಿದೆ. ನಿರ್ದೇಶಕರು ಅದನ್ನೇ ಬಯಸಿದರೆ ಉಚಿತ ತಂತ್ರಾಂಶವಾದ ಲಿಬ್ರೆ ಆಫೀಸ್‌ನಲ್ಲಿ ಎರಡು ಕಾಲಂಗಳ ಕೋಷ್ಟಕ ಮಾಡಿ ಬರೆಯಿರಿ. ಒಂದೇ ಕಾಲಂನ ಪದ್ಧತಿಯನ್ನೂ ಅಲ್ಲಿಯೇ ಕಟ್ಟಿಕೊಳ್ಳಬಹುದು: ತಲೆಬರಹ, ವಿವರಣೆ, ಪಾತ್ರ, ಸಂಭಾಷಣೆ ಎಂದು ನಾಲ್ಕು ಶೈಲಿಗಳನ್ನು ಮಾಡಿ, ಪಾತ್ರದ ನಂತರ ಎಂಟರ್ ಒತ್ತಿದರೆ ಸಂಭಾಷಣೆ ಬರುವಂತೆ ಮುಂದಿನ ಶೈಲಿಯನ್ನು ನಿಗದಿಪಡಿಸಿ, ಪಾತ್ರದ ಹೆಸರು ಪುಟದ ಕೊನೆಯಲ್ಲಿ ಒಂಟಿಯಾಗಿ ಉಳಿಯದಂತೆ ಮುಂದಿನ ಪ್ಯಾರಾದೊಂದಿಗೆ ಅದನ್ನು ಕಟ್ಟಿಹಾಕಿ. ಅರ್ಧ ದಿನದ ಕೆಲಸ, ಖರ್ಚಿಲ್ಲ, ಕನ್ನಡ ಅಕ್ಷರಗಳೂ ಪಿಡಿಎಫ್‌ನಲ್ಲಿ ಚೆನ್ನಾಗಿ ಬರುತ್ತವೆ. ಪಾತ್ರವಾರು, ಸ್ಥಳವಾರು ಪಟ್ಟಿಗಳನ್ನು ಮಾತ್ರ ಕೈಯಿಂದಲೇ ಮಾಡಬೇಕಾಗುತ್ತದೆ.

ಪ್ರಶ್ನೆ (ಹೆಸರು ಬೇಡ ಎಂದ ಸದಸ್ಯರು): ಚಿತ್ರಕಥೆಯ ಹಳೆಯ ತಂತ್ರಾಂಶ ಸೆಲ್ಟೆಕ್ಸ್‌ನಲ್ಲಿ ಬರೆದ ಸ್ಕ್ರಿಪ್ಟ್ ತೆರೆಯಲು ಆಗುತ್ತಿಲ್ಲ. ಏನಾದರೂ ಉಪಾಯ?

ಉತ್ತರ: ಸೆಲ್ಟೆಕ್ಸ್ ಈಗ ಅಂತರ್ಜಾಲದಲ್ಲಿ ನಡೆಯುವ ಸೇವೆಯಾಗಿದ್ದು, ಗಣಕದಲ್ಲಿ ಅಳವಡಿಸುತ್ತಿದ್ದ ಹಳೆಯ ಆವೃತ್ತಿ ನಿಂತುಹೋಗಿದೆ. ಆ ಕಡತ ವಾಸ್ತವವಾಗಿ ಒಂದು ಜಿಪ್ ಕಟ್ಟು. ಪ್ರತಿಯೊಂದನ್ನು ಮಾಡಿಕೊಂಡು, ಹೆಸರಿನ ಕೊನೆಯ ಭಾಗವನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ ಒಳಗೆ ಎಚ್‌ಟಿಎಂಎಲ್ ಕಡತದಲ್ಲಿ ನಿಮ್ಮ ಚಿತ್ರಕಥೆ ಇರುತ್ತದೆ. ಬ್ರೌಸರ್‌ನಲ್ಲಿ ತೆರೆದು ನಕಲಿಸಿಕೊಳ್ಳಿ. ಇನ್ನು ಮುಂದೆ ಯಾವ ತಂತ್ರಾಂಶದಲ್ಲಿ ಬರೆದರೂ, ಪ್ರತಿ ಕರಡು ಮುಗಿದಾಗ ಫೌಂಟನ್ ಅಥವಾ ಎಫ್‌ಡಿಎಕ್ಸ್ ರೂಪದಲ್ಲಿ ಒಂದು ಪ್ರತಿ ತೆಗೆದಿಡಿ. ಮೊದಲನೆಯದು ಸಾದಾ ಪಠ್ಯ, ಎರಡನೆಯದು ಗುರುತುಗಳನ್ನು ಸೇರಿಸಿದ ಪಠ್ಯವಾದ ಎಕ್ಸ್‌ಎಂಎಲ್. ತಂತ್ರಾಂಶವೇ ನಿಂತುಹೋದರೂ ಎರಡನ್ನೂ ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು.

ಹಾಸನದ ಸದಸ್ಯರ ಮರುಪ್ರಶ್ನೆ: ಮೇಡಂ, ಸ್ಕ್ರೈಟ್‌ನಲ್ಲಿ ಪರೀಕ್ಷೆ ಮಾಡಿದೆ, ಪಿಡಿಎಫ್ ಚೆನ್ನಾಗಿ ಬಂತು. ಆದರೆ ಸ್ಥಳಗಳ ಪಟ್ಟಿ ತೆಗೆದಾಗ ಒಂದೇ ಅಡುಗೆಮನೆ ಮೂರು ಬಾರಿ ಬರುತ್ತಿದೆ.

ಉತ್ತರ: ನೀವು ಒಂದು ಕಡೆ ‘ಅಡುಗೆಮನೆ’, ಇನ್ನೊಂದು ಕಡೆ ‘ಅಡುಗೆ ಮನೆ’, ಮತ್ತೊಂದು ಕಡೆ ‘ಅಡಿಗೆಮನೆ’ ಎಂದು ಬರೆದಿರಬೇಕು. ಓದುವವರಿಗೆ ಮೂರೂ ಒಂದೇ, ತಂತ್ರಾಂಶಕ್ಕೆ ಮೂರು ಸ್ಥಳ. ಸಹ ನಿರ್ದೇಶಕರ ವಿಭಾಗದಲ್ಲಿ ಕೆಲಸ ಮಾಡುವ ನಾವು ಚಿತ್ರೀಕರಣದ ದಿನಗಳನ್ನು ಈ ಪಟ್ಟಿಯಿಂದಲೇ ಹಂಚುತ್ತೇವೆ. ಒಂದು ದೃಶ್ಯ ಬೇರೆ ಹೆಸರಿನಲ್ಲಿ ಅಡಗಿ ಕೂತರೆ, ಬಾಡಿಗೆಗೆ ಪಡೆದ ಮನೆಯ ಚಿತ್ರೀಕರಣ ಮುಗಿಸಿ ಬೀಗ ಹಿಂದಿರುಗಿಸಿದ ಮೇಲೆ ಆ ದೃಶ್ಯ ಉಳಿದುಹೋಗಿರುವುದು ಗೊತ್ತಾಗುತ್ತದೆ. ಆದ್ದರಿಂದ ಬರೆಯುವ ಮೊದಲೇ ಒಂದು ಹಾಳೆಯಲ್ಲಿ ಎಲ್ಲ ಸ್ಥಳಗಳ ಮತ್ತು ಪಾತ್ರಗಳ ಹೆಸರನ್ನು ಒಂದೇ ಕಾಗುಣಿತದಲ್ಲಿ ಬರೆದಿಟ್ಟುಕೊಂಡು, ತಲೆಬರಹ ಹಾಕುವಾಗ ತಂತ್ರಾಂಶವು ತೋರಿಸುವ ಪಟ್ಟಿಯಿಂದ ಆರಿಸಿ. ಪ್ರತಿ ಬಾರಿ ಹೊಸದಾಗಿ ಟೈಪ್ ಮಾಡಬೇಡಿ. ಈಗಾಗಲೇ ಬರೆದಿರುವುದನ್ನು ಹುಡುಕಿ ಬದಲಿಸುವ ಸೌಲಭ್ಯದಿಂದ ಸರಿಪಡಿಸಬಹುದು. ಆದರೆ ತಲೆಬರಹಗಳಲ್ಲಿ ಮಾತ್ರ ಬದಲಿಸಿ. ಸಂಭಾಷಣೆಯಲ್ಲಿ ನಿಮ್ಮ ಅಜ್ಜಿಯ ಪಾತ್ರ ‘ಅಡಿಗೆಮನೆ’ ಎನ್ನುತ್ತಿದ್ದರೆ ಅದು ಹಾಗೆಯೇ ಇರಲಿ.